ಬಾಯಲ್ಲಿ ಎಲೆಅಡಿಕೆ ಇರಲಿಲ್ಲ

ಆಗ ನನಗೆ ಎಪ್ಪತ್ತೊಂದು. ಹೋದ ಚಳಿಗಾಲದ ಮಾತು.

ಮೊಮ್ಮಗಳು ಸನಾ ಅವತ್ತು ಕಾಲೇಜಲ್ಲಿ ಹಾಡೋಳಿದ್ದಳು. ಮಗಳು ಶಬಾನಾ ಈ ಪರದೇಶದಲ್ಲಿ ನಾವಿರೋ ಊರಾದ ಸ್ವೋರ್ಡ್ಸ್‌ನಿಂದ ಬಸ್ಸಲ್ಲಿ ನನ್ನ ಕರ್ಕೊಂಡು ಹೋಗಿ, ಸೀಟು ಹಿಡಿಯೋಕೆ ಮುಂದೆ ಓಡಿದಳು. ನನ್ನ ಎಡಗೆನ್ನೆಯಲ್ಲಿ ಯಾವಾಗಲೂ ಎಲೆಅಡಿಕೆ. ಬಾಗಿಲಲ್ಲೇ ಸನಾ ತಡೆದಳು. "ನಾನಿ, ಸ್ಪಿಟ್ ಇಟ್ ಔಟ್." ಎದುರಿಗೆ ನಿಂತು ಬಾಯಿ ತೊಳೆಸಿದಳು.

ಅವರು ಹಾಡ್ತಿದ್ದದ್ದಕ್ಕೆ ಒರಟೋರಿಯೊ ಅಂತಾರೆ. ಹಳೇ ಕಾಲದ ಹಾಡಿನ ಕಥೆ. ವೇಷ ಇಲ್ಲ, ನಿಂತು ಹಾಡೋದು. ಸನಾದು ಸೌಂದರ್ಯದ ಪಾತ್ರ, ಕೈಯಲ್ಲಿ ಕನ್ನಡಿ. ಸುಖ ಅನ್ನೋಳು, ನೀನು ಯಾವಾಗಲೂ ಹೀಗೇ ಇರ್ತೀಯ ಅಂತಾಳೆ. ಕಾಲ ಅನ್ನೋನು, ಇರಲ್ಲ ಅಂತಾನೆ. ಇಷ್ಟು ಹೇಳೋಕೆ ಎರಡು ತಾಸು. ಕಾಲ ಆಗಿದ್ದೋನಿಗೆ ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. ನಗು ಬಂತು.

ಅವನ ಹಾಡು ಮುಗೀತು. ಚಪ್ಪಾಳೆ ಹೊಡೆಯೋಕೆ ಹೋದೆ.

ಎಡಗೈ ಏಳಲಿಲ್ಲ.

ಶಬಾನಾಗೆ ಹೇಳೋಣ ಅಂದರೆ ನಾಲಿಗೆ ಹೊರಳಲಿಲ್ಲ. ಜೊಲ್ಲು ಇಳಿಯಿತು. ಅವಳು ಟಿಶ್ಯೂ ಕೊಟ್ಟಳು. "ಅಮ್ಮಿ, ಇಲ್ಲಿ ಉಗುಳಬೇಡಿ. ನುಂಗಿಬಿಡಿ."

ಬಾಯಿ ವಾರೆ ಆಗಿದ್ದು ಎಲೆಅಡಿಕೆಯಿಂದ ಅಂದ್ಕೊಂಡಿದ್ದಳು. ಅವಳದೇನು ತಪ್ಪು, ಹುಟ್ಟಿದಾಗಿಂದ ನನ್ನ ಕೆನ್ನೆ ಉಬ್ಬಿರೋದನ್ನೇ ನೋಡಿದೋಳು. ಹೀಗೇ ಇವಳ ಪಕ್ಕ ಕೂತು ಸಾಯ್ತೀನಿ, ಇವಳು ಚಪ್ಪಾಳೆ ಹೊಡೀತಾನೇ ಇರ್ತಾಳೆ ಅನ್ನಿಸಿತು.

ಸನಾ ಎದ್ದು ಹಾಡೋಕೆ ಶುರುಮಾಡಿದಳು. ನನ್ನ ಕಡೆ ನೋಡಿದಳು.

ಹಾಡು ನಿಂತಿತು.

ಪಿಟೀಲಿನೋರು ಬಾರಿಸ್ತಾನೇ ಇದ್ದರು. ಅವಳು ಕನ್ನಡಿ ಹಿಡ್ಕೊಂಡೇ ಇಳಿದು ಓಡಿಬಂದಳು. "ಮಮ್, ಹರ್ ಮೌತ್ ಈಸ್ ಎಂಪ್ಟಿ. ಕಾಲ್ ಆನ್ ಆಂಬ್ಯುಲೆನ್ಸ್."

ಆಸ್ಪತ್ರೆ ಡಾಕ್ಟರ್ ದಾವಣಗೆರೆಯಲ್ಲಿ ಓದಿದೋನು. "ಸ್ಟ್ರೋಕ್ ಆಗೈತೆ. ಎಷ್ಟೊತ್ತಿಗೆ ಶುರುವಾಯ್ತು? ಅದು ಗೊತ್ತಾಗದೆ ಇಂಜೆಕ್ಷನ್ ಕೊಡೋಕಾಗಲ್ಲ."

ಶಬಾನಾ ಬರೀ ಅತ್ತಳು. ಹೇಳಿದ್ದು ಸನಾ. ಕಾಲ ಹಾಡೋಕೆ ಎದ್ದಾಗ ನಾನಿ ನೆಟ್ಟಗಿದ್ದರು, ನಗ್ತಿದ್ದರು. ನಾನು ಹಾಡೋಕೆ ಎದ್ದಾಗ ಬಾಯಿ ವಾರೆ ಇತ್ತು ಅಂದಳು. ಡಾಕ್ಟರ್ ಗಡಿಯಾರ ನೋಡಿದ. ಸ್ಕ್ಯಾನ್ ಮಾಡಿ ಇಂಜೆಕ್ಷನ್ ಕೊಟ್ಟರು.

ಸನಾಗೆ ನಾನು ಥ್ಯಾಂಕ್ಸ್ ಹೇಳಲಿಲ್ಲ. ಹಾಡು ನಿಲ್ಲಿಸಿದ್ದಕ್ಕೆ ಸಿಟ್ಟಿತ್ತು. ತಿಂಗಳುಗಟ್ಟಲೆ ಬಾತ್‌ರೂಮಲ್ಲಿ ಕೂಗಿ ಕೂಗಿ ಕಲಿತಿದ್ದು. ನನ್ನ ಮುಖ ನೋಡೇ ತಿಳ್ಕೊಂಡಳು. "ಇಟ್ಸ್ ಗ್ರ್ಯಾಂಡ್, ನಾನಿ." ಪರವಾಗಿಲ್ಲ ಅನ್ನೋಕೆ ಇಲ್ಲಿ ಹಾಗಂತಾರೆ. ಕಥೆ ಕೊನೆಗೆ ಸೌಂದರ್ಯ ಕನ್ನಡಿ ಬಿಸಾಡ್ತಾಳೆ, ಹಾಡೋಕೆ ಉಳಿದಿದ್ದು ಅದೊಂದೇ ಅಂತ ಇಂಗ್ಲಿಷಲ್ಲಿ ಅಂದಳು.

ಕೈ ಇವತ್ತಿಗೂ ಪೂರ್ತಿ ಬಂದಿಲ್ಲ. ಬಂದಷ್ಟಕ್ಕೆ ಅಲ್ಲಾಹನಿಗೆ ಶುಕ್ರ್.

ಆಸ್ಪತ್ರೆ ಸೇರಿದ ಮರುದಿನ ಬೆಳಿಗ್ಗೆ ಥೆರಪಿಯ ಹುಡುಗಿ ಬಂದಳು. ಮುಖ ನೋಡ್ಕೊಂಡು 'ಈ' ಅನ್ನಬೇಕಂತೆ. ಸನಾಳ ಕನ್ನಡಿ ಹಾಸಿಗೆ ಮೇಲೇ ಇತ್ತು. ಬಲಗೈಯಲ್ಲಿ ಎತ್ತಿಕೊಂಡೆ. ವಾರೆ ಮೂತಿ ನೋಡಿದೆ. 'ಈ' ಅಂದೆ.