ಸಪ್ಪಳ ಮಾಡುವ ಲೋಡು

ಆದೆಮ್ಮನ ಮನೆಯೊಳಗೆ ಬಂದ ಕ್ಯಾರಿಬ್ಯಾಗು ತಿಪ್ಪೆ ಸೇರಿದ್ದನ್ನು ಕಂಡವರಿಲ್ಲ. ಕಿರಾಣಿ ಅಂಗಡಿಯದಿರಲಿ, ತರಕಾರಿ ಗಾಡಿಯದಿರಲಿ, ಒಳಗಿನ ಸಾಮಾನು ಇಳಿದ ಮೇಲೆ ಅದು ಬಚ್ಚಲಿಗೆ ಹೋಗಿ ಮೈ ತೊಳೆದುಕೊಳ್ಳಬೇಕು, ಅಂಗಳದ ತಂತಿಯ ಮೇಲೆ ಒಣಗಬೇಕು, ನಾಲ್ಕು ಮಡಿಕೆಯಾಗಿ ಹಾಸಿಗೆಯ ಕೆಳಗೆ ಮಲಗಬೇಕು. ಮನೆಯ ಗಂಡಸರಿಗೆ ಇಷ್ಟು ಶಿಸ್ತು ಕಲಿಸಲು ಅವಳಿಗೆ ನಲವತ್ತು ವರ್ಷಗಳಲ್ಲಿ ಆಗಿರಲಿಲ್ಲ.

ಎದುರು ಮನೆಯ ಬಡೇಬೀ ತಂತಿ ನೋಡಿದಾಗಲೆಲ್ಲ ಕೆಣಕುತ್ತಿದ್ದಳು.

"ಎಲೆಕ್ಷನ್ ಬಂತೇನ್ ಆದೆಮ್ಮಾ? ಎಲ್ಲಾ ಬಣ್ಣದ ಝಂಡಾ ಕಟ್ಟೀದಿ. ನಿಂದು ಯಾವ್ ಪಾರ್ಟಿ?"

"ಯಾವ್ದು ಮದ್ಲ ಒಣಗ್ತದೋ ಅದು ನನ್ನ ಪಾರ್ಟಿ ಬೇ."

ಆದೆಮ್ಮ ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಮಲ್ಲಟದಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಅಲ್ಲಿ ಏನನ್ನಾದರೂ ಒಯ್ಯಬೇಕಿದ್ದರೆ ಕಂಬಳಿಯ ಮೂಲೆಯಿತ್ತು, ಸೀರೆಯ ಸೆರಗಿತ್ತು. ಮದುವೆಯಾಗಿ ರಾಯಚೂರಿಗೆ ಬಂದ ಹೊಸತರಲ್ಲಿ ಅಂಗಡಿಯವನು ಸೀರೆಯನ್ನು ಮೊದಲ ಸಲ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದ. ಅವಳು ಬೀದಿಯ ತುದಿಯವರೆಗೆ ಹೋಗಿ, ಗಾಬರಿಯಾಗಿ ತಿರುಗಿ ಬಂದು, "ನಿಮ್ಮ ಚೀಲ ನಮ್ಮ ಕಡೆ ಉಳೀತ್ರಿ ಯಪ್ಪಾ" ಎಂದು ಮರಳಿ ಕೊಟ್ಟಿದ್ದಳು. ಪುಕ್ಕಟೆ ಎಂದು ಅವನು ಎಷ್ಟು ಹೇಳಿದರೂ ನಂಬಿರಲಿಲ್ಲ. ಅವಳ ತವರಿನ ರೀತಿಯಲ್ಲಿ ಬೇರೆಯವರ ಪಾತ್ರೆಯನ್ನು ಇಟ್ಟುಕೊಳ್ಳುವಂತಿಲ್ಲ, ಬರಿದು ಮಾಡಿ ಕಳಿಸುವಂತೆಯೂ ಇಲ್ಲ. ಆ ರೀತಿಯನ್ನೇ ಅವಳು ಕ್ಯಾರಿಬ್ಯಾಗಿಗೂ ಹಚ್ಚಿದಳು. ದೇವದುರ್ಗಕ್ಕೆ ಕೊಟ್ಟ ಮಗಳು ಮಲ್ಲೇಶ್ವರಿಗೆ ರೊಟ್ಟಿ ಕಟ್ಟಿ ಬಸ್ಸಿನಲ್ಲಿ ಕಳಿಸಿದರೆ, ಅದೇ ಚೀಲ ಹುಣಸೆಹಣ್ಣನ್ನೋ ಬೆಲ್ಲವನ್ನೋ ಹೊತ್ತು ಮರಳಬೇಕು. ಒಮ್ಮೆ ಬೇರೆ ಚೀಲ ಬಂದಿದ್ದಕ್ಕೆ ತಾಯಿ ಮಗಳು ಎರಡು ವಾರ ಮಾತು ಬಿಟ್ಟಿದ್ದರು.

ಚೀಲಗಳಲ್ಲಿ ಮೂರು ಜಾತಿ. ಪ್ರಸಾದ, ಹೂವು, ಕಾಯಿ ತಂದದ್ದು ದೇವರ ಚೀಲ. ಕಾಳುಕಡಿ ತಂದದ್ದು ಮನೆಯ ಚೀಲ. ಮಟನ್ ತಂದದ್ದು ಖಂಡದ ಚೀಲ. ಮನುಷ್ಯರ ಜಾತಿಯ ಬಗ್ಗೆ ಆದೆಮ್ಮ ಎಂದೂ ಒಂದು ಮಾತು ಆಡಿದವಳಲ್ಲ. ಆದರೆ ಖಂಡದ ಚೀಲ ಏಳು ನೀರಿನಲ್ಲಿ ತೊಳೆದು ಬಂದರೂ ದೇವರ ಚೀಲದ ಪಕ್ಕ ಕೂಡುವಂತಿರಲಿಲ್ಲ.

ಹೀಗಿರುವಾಗ ಸೊಸೆ ಉಮಾದೇವಿಯ ಕೆಲಸ ಬಂತು. ಓಣಿಯನ್ನು ಪ್ಲಾಸ್ಟಿಕ್‌ಮುಕ್ತ ಮಾಡಲು ಹೊರಟ ಸಮಿತಿಯೊಂದು ಬಟ್ಟೆ ಚೀಲ ಹೊಲಿಯಲು ಹೆಣ್ಣುಮಕ್ಕಳನ್ನು ಹುಡುಕುತ್ತಿತ್ತು. ಹೊಲಿಯುವವರ ಮನೆಯಲ್ಲಿ ಒಂದೇ ಒಂದು ಪ್ಲಾಸ್ಟಿಕ್ ಚೀಲವೂ ಇರಬಾರದು, ಸಾಹೇಬರು ಬಂದು ನೋಡಿ ಕಾಗದಕ್ಕೆ ಸಹಿ ಹಾಕುತ್ತಾರೆ ಎಂಬುದು ಅದರ ಷರತ್ತು. ಉಮಾದೇವಿಯ ಹೊಲಿಗೆ ಯಂತ್ರ ಕೆಲಸವಿಲ್ಲದೆ ವರ್ಷದಿಂದ ಮುಸುಕು ಹೊದ್ದು ಕೂತಿತ್ತು. ಈ ಕೆಲಸ ಸಿಕ್ಕರೆ ಯಂತ್ರ ಉಳಿದೀತು, ಇಲ್ಲದಿದ್ದರೆ ಮಾರುವುದೇ ಎಂದು ಅವಳು ಆಗಲೇ ಗಂಡನಿಗೆ ಹೇಳಿದ್ದಳು.

"ಅತ್ತೀ, ಕಾಲು ಬೀಳ್ತೀನಿ. ಎಲ್ಲಾ ಹೊರಗ ಹಾಕ್ರಿ."

"ಒಂದೂ ಕಣ್ಣಿಗೆ ಬೀಳಂಗಿಲ್ಲ. ನೀ ಚಿಂತಿ ಬಿಡು."

ಉಮಾದೇವಿ ಉತ್ತರವನ್ನು ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು. ಅತ್ತೆ ಹೊರಗೆ ಹಾಕುತ್ತೇನೆ ಎಂದಿರಲಿಲ್ಲ. ಆ ಮಧ್ಯಾಹ್ನ ಆದೆಮ್ಮ ಗೋಡೆಗೆ ಒರಗಿಸಿದ್ದ ದೊಡ್ಡ ಲೋಡುದಿಂಬಿನ ಹೊಲಿಗೆ ಬಿಚ್ಚಿ, ಹತ್ತಿ ತೆಗೆದು, ಚೀಲಗಳನ್ನೆಲ್ಲ ತುಂಬಿದಳು. ಊರ ತುಂಬ ಹತ್ತಿ ಬಿಡಿಸುವ ಜಿನ್ನು ಗಿರಣಿಗಳಿರುವ ರಾಯಚೂರಿನಲ್ಲಿ ಲೋಡಿಗೆ ಪ್ಲಾಸ್ಟಿಕ್ ತುಂಬಿದ ಮೊದಲ ಹೆಂಗಸು ಅವಳೇ ಇರಬೇಕು. ಅವಸರದಲ್ಲೂ ಜಾತಿ ಕೆಡಲಿಲ್ಲ: ತಂತಿಯ ಮೇಲಿನಂತೆಯೇ ಬಲಗಡೆ ದೇವರದು, ನಡುವೆ ಮನೆಯದು, ಎಡಗಡೆ ಖಂಡದ್ದು.

ಮರುದಿನ ಗುರುಸಿದ್ದಪ್ಪ ಸಾಹೇಬರು ಬಂದರು. ಅಡುಗೆಮನೆ ನೋಡಿದರು, ಬಚ್ಚಲು ನೋಡಿದರು, ಮಂಚದ ಕೆಳಗೆ ಬಗ್ಗಿದರು. ಪರಿಸರದ ಬಗ್ಗೆ ಹತ್ತು ನಿಮಿಷ ಮಾತಾಡಿ ದಣಿದು, ನೇರ ಹೋಗಿ ಲೋಡಿಗೆ ಒರಗಿದರು.

ಚರ್ ಚರ್ ಎಂದಿತು.

ಸಾಹೇಬರು ಸರಿದು ಕೂತರು. ಮತ್ತೆ ಚರ್ ಚರ್. ಚೀಲಗಳು ಎಲ್ಲಿ ಹೋಗಿವೆ ಎಂದು ಉಮಾದೇವಿಗೆ ಆಗ ತಿಳಿಯಿತು.

"ಏನ್ರೀ ಇದು ಸಪ್ಪಳ?"

"ಹೊಸಾ ಲೋಡ್ರಿ ಯಪ್ಪಾ. ಹತ್ತಿ ಇನ್ನಾ ಹಸಿ ಅದ."

ಜಿನ್ನುಗಳ ಊರಿನಲ್ಲೇ ಬೆಳೆದ ಸಾಹೇಬರು ತಿಳಿದವರಂತೆ ತಲೆಯಾಡಿಸಿದರು. ಆದೆಮ್ಮ ಗೋಡೆಯ ಗೂಡಿನಲ್ಲಿದ್ದ ಮನೆದೇವರು ಬೀರಪ್ಪನ ಕಡೆ ತಿರುಗಿ, ಸುಳ್ಳಿಗಾಗಿ ಮೆಲ್ಲಗೆ ಗಲ್ಲ ಬಡಿದುಕೊಂಡಳು. ಆಮೇಲೆ ದೇವರಿಗೆ ಎಡೆ ಹಿಡಿದಿದ್ದ ಹೋಳಿಗೆಯನ್ನು ತುಪ್ಪ ಸುರಿದು ಬಡಿಸಿದಳು.

ಸಾಹೇಬರು ನಾಲ್ಕು ತಿಂದರು. ಕಾಗದ ಬಿಡಿಸಿದರು, ಪೆನ್ನಿನ ಟೋಪಿ ತೆಗೆದರು. ಅಷ್ಟರಲ್ಲಿ ಮನೆಯವರ ನೆನಪಾಯಿತು.

"ನಮ್ಮಾಕಿಗೆ ಹೋಳಿಗಿ ಅಂದ್ರ ಜೀವ ನೋಡ್ರಿ. ಒಂದೆರಡು ಕಟ್ಟಿ ಕೊಡ್ರಲ್ಲ."

ಉಮಾದೇವಿ ತಾನು ಮಾದರಿಗೆಂದು ಹೊಲಿದ ಬಟ್ಟೆ ಚೀಲ ತಂದಳು. ಸಾಹೇಬರು ಅದನ್ನು ಹಿಂದೆ ಮುಂದೆ ತಿರುವಿದರು.

"ಚೀಲ ಭಾಳ ಚಂದ ಅದ. ಆದ್ರ ತುಪ್ಪ ಸೋರ್ತದಲ್ಲ? ನನ್ನ ಗಾಡಿ ಸೀಟ್ ಹಾಳಾಗ್ತದ. ಒಂದ್ ಕ್ಯಾರಿಬ್ಯಾಗ್ ಇದ್ರ ನೋಡ್ರಿ."

"ನಮ್ಮನ್ಯಾಗ ಒಂದೂ ಇಲ್ರಿ ಸರ್!"

"ಒಂದೂ ಇಲ್ಲ ಅಂದ್ರ ಹೆಂಗವ್ವ? ಸಂಸಾರಸ್ಥರ ಮನಿ ಇದು."

ಸಾಹೇಬರು ಬೇಸರದಿಂದ ಪೆನ್ನಿಗೆ ಟೋಪಿ ಹಾಕಿದರು. ಉಮಾದೇವಿ ಪೆನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಬೇಡ ಎಂದು ಕಣ್ಣಲ್ಲೇ ಹೇಳಿದಳು. ಆದೆಮ್ಮನಿಗೆ ಅದು ತಿಳಿಯಿತು. ಆದರೆ ದೇವರ ಎಡೆಯನ್ನು ಬಾಯಿಬಿಟ್ಟು ಕೇಳಿದವರನ್ನು ಬರಿಗೈಲಿ ಕಳಿಸುವುದು ಅವಳಿಗೆ ಗೊತ್ತಿರಲಿಲ್ಲ.

"ಯಪ್ಪಾ, ಸ್ವಲ್ಪ ಮುಂದಕ್ಕ ಬಾಗ್ರಿ."

ಸಾಹೇಬರು ಬಾಗಿದರು. ಆದೆಮ್ಮ ಅವರ ಬೆನ್ನ ಹಿಂದೆ ಕೂತು, ಬಲತುದಿಯ ದಾರ ಹಲ್ಲಿನಿಂದ ಕಡಿದು, ಒಂದು ಹಳದಿ ಚೀಲ ಎಳೆದಳು. ಅದರ ಜೊತೆಗೆ ಇನ್ನೂ ಹತ್ತು ಹೊರಬಂದು ಸಾಹೇಬರ ತೊಡೆಯ ಮೇಲೆ ಬಿದ್ದವು. ಸಾಹೇಬರು ಹಸಿ ಹತ್ತಿಯನ್ನು ನೋಡಿದರು, ಕಾಗದವನ್ನು ನೋಡಿದರು, ಹೋಳಿಗೆಯನ್ನೂ ನೋಡಿದರು.

"ಇದು ಪ್ರಸಾದದ ಚೀಲ ಅದರಿ," ಎಂದಳು ಆದೆಮ್ಮ, ಹೋಳಿಗೆ ಕಟ್ಟುತ್ತ. "ಬ್ಯಾರೇ ಏನೂ ಹಾಕಬ್ಯಾಡ್ರಿ. ತೊಳದು ಹೊಳ್ಳಿ ಕಳಸ್ರಿ."

ಸಾಹೇಬರು ಹಳದಿ ಚೀಲವನ್ನು ಬಟ್ಟೆ ಚೀಲದೊಳಗೆ ಬಚ್ಚಿಟ್ಟು, ಓಣಿಯವರಿಗೆ ಬಟ್ಟೆ ಮಾತ್ರ ಕಾಣುವಂತೆ ಹಿಡಿದು, ಸಹಿ ಹಾಕದೆ ಹೊರಟುಹೋದರು.

ನಾಲ್ಕು ದಿನ ಉಮಾದೇವಿ ಅತ್ತೆಯೊಡನೆ ಮಾತಾಡಲಿಲ್ಲ. ಯಂತ್ರ ಕೊಳ್ಳಲು ಒಬ್ಬರು ಬಂದು ನೋಡಿಯೂ ಹೋದರು. ಆದೆಮ್ಮ ಬೀರಪ್ಪನ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೂತಳು. ಏನು ಬೇಡಿದಳೋ ಯಾರಿಗೂ ಹೇಳಲಿಲ್ಲ.

ಐದನೆಯ ದಿನ ಸಮಿತಿಯ ಜವಾನ ಬಂದು ಹಳದಿ ಚೀಲ ಕೊಟ್ಟ. ಬರಿದಾಗಿರಲಿಲ್ಲ. ಒಳಗೆ ಮಡಿಸಿದ ಕಾಗದವಿತ್ತು. ಉಮಾದೇವಿ ಬಾಗಿಲಲ್ಲೇ ನಿಂತು ಓದಿದಳು. ಪರಿಶೀಲಿಸಲಾಗಿ ಮನೆಯಲ್ಲಿ ಪ್ಲಾಸ್ಟಿಕ್ ಚೀಲ ಕಂಡುಬಂದಿರುವುದಿಲ್ಲ, ಎರಡು ಸಾವಿರ ಬಟ್ಟೆ ಚೀಲ ಹೊಲಿದು ಕೊಡತಕ್ಕದ್ದು ಎಂದಿತ್ತು, ಕೆಳಗೆ ಸಾಹೇಬರ ಸಹಿಯಿತ್ತು.

"ಅತ್ತೀ! ಕೆಲಸ ಬಂತು!" ಅವಳು ಅಳುತ್ತ ನಗುತ್ತ ಓಡಿ ಹೋಗಿ ಯಂತ್ರದ ಮುಸುಕು ತೆಗೆದಳು.

ಆದೆಮ್ಮ ಬೀರಪ್ಪನಿಗೆ ಕೈ ಮುಗಿದಳು. ಆಮೇಲೆ ಚೀಲವನ್ನು ಮೂಗಿನ ಹತ್ತಿರ ಹಿಡಿದಳು. ಮುಖ ಕಿವುಚಿತು.

"ಹಾಳಾದವ್ನ, ಇದ್ರಾಗ ಖಂಡಾ ತಂದಾನ!"

ಮೂರು ನೀರಿನಲ್ಲಿ ತೊಳೆದು ತಂತಿಯ ಎಡತುದಿಗೆ ಸಿಕ್ಕಿಸಿದಳು. ಬಡೇಬೀ ಕಟ್ಟೆಯ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಳು.

"ಆ ಹಳದಿ ಝಂಡಾ ಬಲಗಡೆ ಇರ್ತಿತ್ತಲ್ಲ ಆದೆಮ್ಮಾ?"

"ಸಾಹೇಬ್ರ ಮನಿಗೆ ಹೋಗಿ ಬಂತು ಬೇ. ಪಾರ್ಟಿ ಬದ್ಲಿ ಮಾಡ್ತು."

ಒಳಗೆ ಯಂತ್ರ ಓಡತೊಡಗಿತ್ತು. ಆದೆಮ್ಮ ಸೂಜಿ ದಾರ ಹಿಡಿದು, ಲೋಡಿನ ಬಲತುದಿ ಹೊಲಿಯಲು ಕೂತಳು.