ಮೂರನೆಯ ಅಂಶಕ್ಕೆ ನಾನಿಟ್ಟ ಹೆಸರು

ಗಾಳಿ ಅಳೆಯುವ ಯಂತ್ರದೊಳಗೆ ಇಡುವ ಕಾಗದವೆಂದರೆ ಏನೋ ಭಾರೀ ವಸ್ತುವೆಂದು ನೀವು ಊಹಿಸಿದ್ದರೆ ನಿರಾಶೆಯಾದೀತು. ಅದು ಮಕ್ಕಳ ಕೈಗೆಂದು ಪುಟ್ಟದಾಗಿ ಒತ್ತಿದ ಹಪ್ಪಳದಂಥ ಒಂದು ಬಿಳಿ ಬಿಲ್ಲೆ, ಅಷ್ಟೆ. ಒಂದು ಹಗಲು ಒಂದು ರಾತ್ರಿ ಊರಿನ ಗಾಳಿಯನ್ನು ಅದರ ಮೂಲಕ ಎಳೆದರೆ ಬೆಳ್ಳಗಿದ್ದದ್ದು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಬಿಡಿಬಿಡಿಯಾಗಿ ಕಣ್ಣಿಗೆ ಬೀಳದೆ ಎದೆಯ ಆಳಕ್ಕೆ ಇಳಿದುಬಿಡುವ ಸೂಕ್ಷ್ಮ ಕಣಗಳು ಹೀಗೆ ಒಟ್ಟಾಗಿ ಕೂತಾಗ ಮಾತ್ರ ಮುಖ ತೋರಿಸುತ್ತವೆ.

ಆ ಬೂದಿನಲ್ಲಿ ಯಾರ ಪಾಲು ಎಷ್ಟು ಎಂದು ಹೇಳುವುದು ನನ್ನ ಕೆಲಸ. ಮದುವೆ ಮನೆಯ ಹುಳಿಯನ್ನು ಒಂದು ಸೌಟು ಬಡಿಸಿಕೊಂಡು, ಕೊತ್ತಂಬರಿ ಇಷ್ಟು, ಮೆಂತ್ಯ ಇಷ್ಟು ಎಂದು ಹೇಳುವ ಹಿರಿಯರಿರುತ್ತಾರಲ್ಲ, ಹಾಗೆ. ಸೌದೆಯ ಹೊಗೆಗೆ ಒಂದು ರಾಸಾಯನಿಕ ಗುರುತು, ಡೀಸೆಲಿಗೆ ಇನ್ನೊಂದು, ರಸ್ತೆಯ ಧೂಳಿಗೆ ಮತ್ತೊಂದು. ಹಲವು ದಿನಗಳ ಬಿಲ್ಲೆಗಳನ್ನು ಪರೀಕ್ಷಿಸಿ, ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಗುರುತುಗಳನ್ನು ಗಣಿತದಿಂದ ಗುಂಪು ಮಾಡಿದರೆ ಮೊದಲನೆಯ ಅಂಶ, ಎರಡನೆಯ ಅಂಶ, ಮೂರನೆಯ ಅಂಶ ಎಂದು ಪಟ್ಟಿ ಬರುತ್ತದೆ. ಗಣಿತ ಅಲ್ಲಿಗೆ ಕೈತೊಳೆದುಕೊಳ್ಳುತ್ತದೆ. ಅಂಶಗಳಿಗೆ ಹೆಸರಿಡುವವರು ಮನುಷ್ಯರು. ಈ ಮಾತನ್ನು ಯಾವ ಪಾಠದಲ್ಲೂ ಸಾಕಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

ಶೆಟ್ಟಿಕೊಪ್ಪದಲ್ಲಿ ಅನ್ನಮ್ಮಾಂಟಿಯ ಬೇಕರಿಯಿದೆ. ಸೌದೆ ಒಲೆಯಲ್ಲಿ ಬೆಂದ ಅಲ್ಲಿಯ ರಸ್ಕು ಕೊಪ್ಪದ ಅಂಗಡಿಗಳಿಗೂ ಹೋಗುತ್ತದೆ. ಆ ಒಲೆಯ ಹೊಗೆ ಪಕ್ಕದ ಶಾಲೆಗೆ ನುಗ್ಗುತ್ತದೆಂದು ಕೆಲವರು ದೂರು ಕೊಟ್ಟಿದ್ದರು. ಪಂಚಾಯಿತಿಯವರು ಬೇಕರಿಯ ಪರವಾನಗಿಯ ನವೀಕರಣವನ್ನು ತಡೆಹಿಡಿದು, ಸದ್ಯಕ್ಕೆ ಒಲೆ ಉರಿಯಲು ಬಿಟ್ಟು, ನಮ್ಮ ಕಾಲೇಜಿನಿಂದ ವರದಿ ಕೇಳಿದರು. ವರದಿ ಬರೆಯಬೇಕಾದವಳು ನಾನು. ಒಲೆ ಆರಬೇಕೋ ಉರಿಯಬೇಕೋ ಎಂಬುದು ನನ್ನ ಒಂದು ವಾಕ್ಯದ ಮೇಲೆ ನಿಂತಿತ್ತು.

ಯಂತ್ರವನ್ನು ಕೂರಿಸಲು ಬೇಕರಿಗೆ ನಾಲ್ಕು ಮನೆ ಆಚೆಯ ಗಿರಿಜಕ್ಕನ ತಾರಸಿ ಸಿಕ್ಕಿತು. ನಿಯಮದ ಪ್ರಕಾರ ಮೊದಲ ದಿನವೇ ವಿಚಾರಿಸಿದ್ದೆ: ಮನೆಯಲ್ಲಿ ಸೌದೆ ಉರಿಸುತ್ತೀರಾ? ಇಲ್ಲ, ಅಡುಗೆಗೆ ಗ್ಯಾಸು, ಸ್ನಾನಕ್ಕೆ ಸೋಲಾರು ಎಂದರು. ನಮೂನೆಯಲ್ಲಿ ಹಾಗೇ ಬರೆದುಕೊಂಡೆ. ಮಳೆ ನಿಂತ ಮೇಲೆ ಆರು ದಿನಕ್ಕೊಮ್ಮೆ ಶೃಂಗೇರಿಯಿಂದ ಎರಡು ಬಸ್ಸು ಹತ್ತಿ ಹೋಗಿ, ಹೊಸ ಬಿಲ್ಲೆ ಹಾಕಿ, ಅಲ್ಲೇ ಉಳಿದು, ಮರುದಿನ ಅದನ್ನು ತೆಗೆದುಕೊಂಡು ಬರುತ್ತಿದ್ದೆ. ಹೋದಕೂಡಲೇ ಬಚ್ಚಲಲ್ಲಿ ಹಬೆಯಾಡುವ ಬಿಸಿನೀರು ತುಂಬಿದ ಬಕೆಟ್ಟು ಕಾದಿರುತ್ತಿತ್ತು. ಗಾಳಿಯಲ್ಲಿ ಸೌದೆಯ ವಾಸನೆ. ಬೇಕರಿಯದೇ ಎಂದು ಮೂಗೂ ನನ್ನ ಪರವಾಗಿ ಸಾಕ್ಷಿ ನುಡಿಯುತ್ತಿತ್ತು.

ಲೆಕ್ಕ ಕಟ್ಟಿದಾಗ ಮೂರನೆಯ ಅಂಶ ಎಲ್ಲಕ್ಕಿಂತ ದೊಡ್ಡದಾಗಿ ಎದ್ದು ನಿಂತಿತು, ಪೂರಾ ಸೌದೆಯ ಗುರುತು. ನಾನು ಅದಕ್ಕೆ ಬೇಕರಿ ಎಂದು ಹೆಸರಿಟ್ಟೆ.

ವರದಿ ಸಲ್ಲಿಸುವ ಮೊದಲು ಅನ್ನಮ್ಮಾಂಟಿಗೆ ತೋರಿಸುವುದು ನ್ಯಾಯವೆನಿಸಿತು. ನಿಜ ಹೇಳಬೇಕೆಂದರೆ, ಗೆಲ್ಲುವುದು ಖಚಿತವಾಗಿರುವ ವಾದವನ್ನು ಎದುರಾಳಿಯ ಮುಂದೆಯೇ ಮಂಡಿಸುವ ಚಟ ನನಗೆ ಕಾಲೇಜಿನ ಚರ್ಚಾಸ್ಪರ್ಧೆಗಳಿಂದಲೇ ಅಂಟಿಕೊಂಡಿತ್ತು. ಅವರು ಕೈಗೆ ಮೆತ್ತಿದ ಹಿಟ್ಟನ್ನು ಒರೆಸಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡರು.

“ಸುಗ್ಗಿ ಟೈಮಲ್ಲಿ ನಮ್ಮ ಒಲೆ ಕಮಾನು ಕುಸಿದು ಹನ್ನೆರಡು ದಿನ ಬೆಂಕಿನೇ ಹಾಕ್ಲಿಲ್ಲ ಮಾರಾಯ್ತಿ. ಆಗಲೂ ನೀನು ಬಂದಿದ್ದೆ. ಆ ದಿನ ಹೊಗೆ ಕಮ್ಮಿ ಆಗಿತ್ತಾ?” ಎಂದರು.

ಎರಡು ಬಿಲ್ಲೆಗಳಿಂದ ಏನನ್ನೂ ಸಾಧಿಸಲಾಗದು, ಗಾಳಿಯ ದಿಕ್ಕು ಬದಲಾಗಿರಬಹುದು, ಹಳೆಯ ಹೊಗೆ ಕಣಿವೆಯಲ್ಲಿ ನಿಂತಿರಬಹುದು ಎಂದು ಮೂರು ಉತ್ತರ ಕೊಟ್ಟೆ. ಅವರು ಮತ್ತೆ ಹಿಟ್ಟಿಗೆ ಕೈ ಹಾಕಿದರು. ಸ್ಪರ್ಧೆಯಾಗಿದ್ದರೆ ತೀರ್ಪುಗಾರರು ನನ್ನ ಕಡೆಗೇ ಅಂಕ ಹಾಕುತ್ತಿದ್ದರು. ಆದರೆ ನೀವೇ ಹೇಳಿ, ಒಂದು ಪ್ರಶ್ನೆಗೆ ಮೂರು ಉತ್ತರ ಬೇಕಾಯಿತೆಂದರೆ ಅವುಗಳಲ್ಲಿ ಒಂದರ ಮೇಲೂ ಹೇಳುವವಳಿಗೇ ನಂಬಿಕೆಯಿಲ್ಲವೆಂದು ತಾನೆ ಅರ್ಥ? ಎಲ್ಲರನ್ನೂ ಸಂಶಯಿಸುವುದನ್ನು ಕಲಿತವಳು ನನ್ನೊಬ್ಬಳನ್ನು ಮಾತ್ರ ಬಿಟ್ಟುಬಿಟ್ಟಿದ್ದೆ. ಆ ಎರಡು ದಿನಗಳ ಅಂಕಿಗಳನ್ನು ತೆಗೆದು ನೋಡಿದೆ. ಮೂರನೆಯ ಅಂಶ ಒಂದಿಷ್ಟೂ ತಗ್ಗಿರಲಿಲ್ಲ.

ಮುಂದಿನ ಸಲ ಹೋದಾಗ ಬಕೆಟ್ಟಿನ ಮುಂದೆ ನಿಂತವಳು ಸ್ನಾನ ಮಾಡದೆ ಹೊರಬಂದೆ. ಮೋಡ ಮುಚ್ಚಿದ ದಿನ. ಸೋಲಾರಿನ ನೀರು ಇಷ್ಟು ಕಾಯಲು ಹೇಗೆ ಸಾಧ್ಯ? ಗಿರಿಜಕ್ಕನನ್ನೇ ಕೇಳಿದೆ.

“ಅದು ಹಿಂದಿನ ಹಳೇ ಬಚ್ಚಲ ಹಂಡೆ ನೀರು. ದಿನಾ ಎಂತಕ್ಕೆ ಹಚ್ಚೋದು? ನೀನು ಬರೋ ದಿನ ಮಾತ್ರ. ಅಷ್ಟು ದೂರ ಬಸ್ಸಲ್ಲಿ ಕುಂತು ಬಂದ ಕೂಸಿಗೆ ಆ ಉಗುರುಬೆಚ್ಚನೆ ನೀರು ಕೊಡ್ಲಿಕ್ಕಾಗ್ತದಾ?”

ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಮರುದಿನ ಹೊರಡುವ ಮುಂಚೆ ಇನ್ನೊಮ್ಮೆ. ತಾರಸಿಗೆ ಹತ್ತೇ ಹೆಜ್ಜೆ. ಆರು ದಿನಕ್ಕೊಮ್ಮೆ ನಾನು ಅಳೆಯುತ್ತಿದ್ದದ್ದು ನನಗಾಗಿಯೇ ಹಚ್ಚಿದ ಒಲೆಯನ್ನು. ಮೊದಲ ದಿನ ಅವರು ಸುಳ್ಳು ಹೇಳಿರಲಿಲ್ಲ. ಆವರೆಗೆ ಆ ಮನೆಗೆ ನಾನು ಬಂದಿರಲಿಲ್ಲ, ಅಷ್ಟೆ. ಉಪಚಾರ ಪಡೆಯುವ ಆತುರದಲ್ಲಿ ಅದು ಎಲ್ಲಿಂದ ಬರುತ್ತದೆಂದು ತಿರುಗಿ ನೋಡದವಳು, ಊರಿನ ಹೊಗೆಯ ಮೂಲ ಹುಡುಕಲು ಹೊರಟಿದ್ದೆ.

ಪಂಚಾಯಿತಿ ಸಭೆಯಲ್ಲಿ ಎದ್ದು ನಿಂತು, ಬರೆದಿಟ್ಟ ವರದಿಯನ್ನು ಸಲ್ಲಿಸುವುದಿಲ್ಲ ಎಂದೆ. ಕಾರಣವನ್ನೂ ಹೇಳಿದೆ. ಹಿಂದಿನ ಸಾಲಿನ ಸದಸ್ಯರೊಬ್ಬರು, ಇಷ್ಟು ದಿನ ಅಳೆದದ್ದು ಮೇಡಂ ಸ್ನಾನವನ್ನೇ ಅನ್ನಿ ಎಂದಾಗ ಸಭೆಯೇ ನಕ್ಕಿತು. ಅಧ್ಯಕ್ಷರು, ಹಾಗಾದರೆ ಬೇಕರಿಯ ಪಾಲು ಎಷ್ಟು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ವೇದಿಕೆಯ ಮೇಲೆ ಎಂದೂ ಆಡದ ಮಾತು ಅದು. ಆಡಿದ ಮೇಲೆ ಎದೆ ಎಷ್ಟು ಹಗುರಾಗುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ.

ನಗದೆ ಕೂತಿದ್ದವರು ಅನ್ನಮ್ಮಾಂಟಿ ಒಬ್ಬರೇ. ಅವರಿಗೆ ಅಂದು ಇದ್ದದ್ದು ಸುಲಭದ ದಾರಿ: ಹುಡುಗಿಯ ಲೆಕ್ಕ ತಪ್ಪು, ಪರವಾನಗಿ ಕೊಡಿ ಎಂದು ಕೇಳಿ ಎದ್ದುಹೋಗಬಹುದಿತ್ತು. ಹಾಗೆ ಮಾಡದೆ, ಇನ್ನೊಮ್ಮೆ ಸರಿಯಾಗಿ ಅಳೆಯಲಿ, ಅಲ್ಲಿಯವರೆಗೆ ಒಲೆ ಉರಿಯಲು ಬಿಡಿ, ತನ್ನ ಪಾಲು ಎಷ್ಟೆಂದು ತನಗೂ ತಿಳಿಯಬೇಕು ಎಂದರು. ಸಭೆ ಒಪ್ಪಿತು.

ಮತ್ತೆ ಒಂದು ಬೇಸಿಗೆಯಿಡೀ ಅಳೆದೆವು. ಗಿರಿಜಕ್ಕ ಗೊಣಗುತ್ತಲೇ ಹಂಡೆಯ ಒಲೆಗೆ ರಜೆ ಕೊಟ್ಟರು. ಯಾವ ದಿನ ಎಷ್ಟು ಹೊತ್ತು ಬೆಂಕಿಯಿತ್ತು ಎಂದು ಅನ್ನಮ್ಮಾಂಟಿ ಕ್ಯಾಲೆಂಡರಿನ ಮೇಲೆ ಬರೆದಿಟ್ಟರು. ಆ ಕ್ಯಾಲೆಂಡರಿಲ್ಲದಿದ್ದರೆ ಸೌದೆಯ ಹೊಗೆಯಲ್ಲಿ ಬೇಕರಿಯದೆಷ್ಟು, ರಸ್ತೆಬದಿಯಲ್ಲಿ ಗುಡಿಸಿ ಸುಡುವ ತರಗೆಲೆಯದೆಷ್ಟು ಎಂದು ನನ್ನ ಗಣಿತಕ್ಕೆ ಬೇರ್ಪಡಿಸಲು ಆಗುತ್ತಲೇ ಇರಲಿಲ್ಲ. ದೊಡ್ಡ ಪಾಲು ತರಗೆಲೆಯದು. ಬೇಕರಿಯದು ಸಣ್ಣದು, ಆದರೆ ಇತ್ತು, ಗಾಳಿ ಶಾಲೆಯ ಕಡೆ ಬೀಸುವ ದಿನಗಳಲ್ಲಿ ಸ್ಪಷ್ಟವಾಗಿಯೇ ಇತ್ತು.

ಆ ಪುಟವನ್ನು ಹಿಡಿದು ಹೋದ ದಿನ ನನ್ನ ಬಾಯಲ್ಲಿ ಒಂದು ವಾದವೂ ಸಿದ್ಧವಿರಲಿಲ್ಲ. ಅವರು ಕನ್ನಡಕ ಹಾಕಿಕೊಂಡು, ಪಟ್ಟಿಯ ಮೇಲೆ ಬೆರಳಿಟ್ಟು ನಿಧಾನಕ್ಕೆ ಕೆಳಗಿಳಿದು ಒಂದು ಸಾಲಿನಲ್ಲಿ ನಿಂತರು.

“ಇದು ನಂದು. ಇಷ್ಟು ಹೌದು,” ಎಂದರು. ಆಮೇಲೆ ಗಾರೆ ಕೆಲಸದವನಿಗೆ ಫೋನು ಮಾಡಿ, ಹೊಗೆಕೊಳವೆಯನ್ನು ಶಾಲೆಯ ಹೆಂಚಿಗಿಂತ ಮೇಲಕ್ಕೆ ಎತ್ತಬೇಕು, ನಾಳೆಯೇ ಬಾ ಎಂದರು.