ಅಕ್ಕನ ಮೂವತ್ತು ಹೆಜ್ಜೆ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳನ್ನು ಎಲ್ಲರೂ ಅಂಚಮ್ಮ ಎಂದೇ ಕರೆಯುವುದು. ಮುಂದೆ ಗಿರಾಕಿಗಳು ಕನ್ನಡಿಯೆದುರು ಫ್ರೇಮು ಹಾಕಿಕೊಂಡು ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿಕೊಳ್ಳುತ್ತಿದ್ದರೆ, ಇವಳು ಒಳಗೆ ತಿರುಗುವ ಚಕ್ರಕ್ಕೆ ಗಾಜು ಹಿಡಿದು ಅದರ ಅಂಚನ್ನು ಕೂದಲೆಳೆಯಷ್ಟಷ್ಟೇ ಉಜ್ಜುತ್ತಿರುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಅಳೆಯಲು ಯಂತ್ರವಿದೆ, ಆದರೂ ಕೊನೆಯ ತೀರ್ಪು ಅವಳ ಹೆಬ್ಬೆರಳಿನದು. ಅಂಚು ಸವರಿ "ಇನ್ನೊಂದು ಸುತ್ತು" ಎಂದಳೋ, ಇನ್ನೊಂದು ಸುತ್ತು. ವಯಸ್ಸು ನಲವತ್ತಾರು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ "ನನ್ನ ಮೂಗಿಗೆ ಕೂರೋ ಫ್ರೇಮು ಸಿಗಲಿಲ್ಲ" ಎನ್ನುತ್ತಾಳೆ. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ.

ಅವಳಿಗೆ ತನ್ನವರು ಅಂತ ಇರುವುದು ಅಕ್ಕ ಒಬ್ಬಳೇ, ಆರು ವರ್ಷಕ್ಕೆ ದೊಡ್ಡವಳು. ಅಕ್ಕ ಒಂದು ಗೋದಾಮಿನಲ್ಲಿ ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ಓಡಿಸುತ್ತಾಳೆ. ಮೂರು ವರ್ಷದ ಹಿಂದೆ ಭಾವನಿಗೆ ಪಾರ್ಶ್ವವಾಯು ಬಡಿದು ಬಲಭಾಗ ಪೂರ್ತಿ ಬಿದ್ದುಹೋಯಿತು, ಮಾತೂ ನಿಂತಿತು. ಅಂದಿನಿಂದ ಅಕ್ಕನ ಹೊರಗಿನ ದುಡಿಮೆ ಗೋದಾಮಿನಲ್ಲಿ, ಒಳಗಿನ ದುಡಿಮೆ ಮಂಚದ ಪಕ್ಕದಲ್ಲಿ. ಅವಳು ಕೆಲಸಕ್ಕೆ ಹೋದ ಹೊತ್ತು ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ, ಉಳಿದ ಹೊತ್ತೆಲ್ಲ ಅವಳೇ. ಭಾನುವಾರ ಬೆಳಗ್ಗೆ ಮಾತ್ರ ಅವಳ ನಾದಿನಿ ಬಂದು ಎರಡು ಗಂಟೆ ಅಣ್ಣನ ಹತ್ತಿರ ಕೂರುತ್ತಾಳೆ. ಆ ಎರಡು ಗಂಟೆಯಲ್ಲಿ ಅಕ್ಕ ತಂಗಿ ಇಬ್ಬರೂ ಊರಾಚೆಯ ಉದ್ಯಾನಕ್ಕೆ ಹೋಗಿ ಡಿಸ್ಕ್ ಗಾಲ್ಫ್ ಆಡುತ್ತಾರೆ.

ಆಟ ಸರಳ. ಕೋಲಿಲ್ಲ, ಚೆಂಡಿಲ್ಲ, ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕ್. ಗುಂಡಿಯ ಬದಲು ಕಂಬಕ್ಕೆ ಕೂರಿಸಿದ ಬುಟ್ಟಿ, ಅದರ ಮೇಲೆ ಇಳಿಬಿದ್ದ ಸರಪಳಿಗಳು. ಎಸೆದದ್ದು ಎಲ್ಲಿ ಬೀಳುತ್ತದೋ ಅಲ್ಲಿಗೆ ನಡೆದು ಹೋಗಿ, ಅಲ್ಲಿಂದ ಮತ್ತೆ ಎಸೆಯಬೇಕು. ಯಾರ ಡಿಸ್ಕ್ ಬುಟ್ಟಿಗೆ ಹೆಚ್ಚು ದೂರದಲ್ಲಿ ಉಳಿದಿದೆಯೋ ಅವರ ಸರದಿ ಮೊದಲು.

ಅಕ್ಕನ ತೋಳು ಗಟ್ಟಿ. ಅವಳ ಮೊದಲ ಎಸೆತ ಅರವತ್ತೈದು ಮೀಟರು ಹೋಗಿ ಬೀಳುತ್ತಿತ್ತು. ಅಂಚಮ್ಮನದು ನಲವತ್ತಕ್ಕೇ ಉಸಿರು ಬಿಡುತ್ತಿತ್ತು. ಹೀಗಾಗಿ ಪ್ರತಿ ಸಲವೂ ನಲವತ್ತು ಮೀಟರು ಜೊತೆಯಾಗಿ ನಡೆದು, ತಂಗಿ ತನ್ನ ಡಿಸ್ಕಿನ ಬಳಿ ನಿಲ್ಲಬೇಕು. ಅಕ್ಕ ಬದಿಯ ಮರದ ಸಾಲು ಹಿಡಿದು ಮುಂದೆ ಹೋಗಿಬಿಡಬೇಕು. ಇರುವುದೇ ಎರಡು ಗಂಟೆ. ಕಾಯುತ್ತ ನಿಂತರೆ ಹದಿನೆಂಟು ಬುಟ್ಟಿ ಮುಗಿಯುವುದಿಲ್ಲ. ಅಕ್ಕನ ಆ ಮುಂದಿನ ದಾರಿಯನ್ನು ಅಂಚಮ್ಮ ಎಣಿಸಿದ್ದಳು: ಮೂವತ್ತು ಹೆಜ್ಜೆ, ಒಮ್ಮೊಮ್ಮೆ ಮೂವತ್ತೆರಡು.

ಆ ಮೂವತ್ತು ಹೆಜ್ಜೆಯೇ ಅವಳ ಸಂಕಟ. ಎಂಟು ತಿಂಗಳಿಂದ ಅಕ್ಕ ಏನನ್ನೋ ಹೇಳಲು ಬಾಯಿ ತೆರೆಯುತ್ತಿದ್ದಳು. "ನಿನಗೊಂದು ವಿಷಯ ಹೇಳ್ಬೇಕು ಕಣೆ" ಎಂದು ಶುರುಮಾಡುವಳು. ಅಷ್ಟರಲ್ಲಿ ಹುಲ್ಲಿನಲ್ಲಿ ತಂಗಿಯ ಡಿಸ್ಕ್ ಕಾಣಿಸುವುದು. "ನಿನ್ನದು ಬಂತು ನೋಡು. ಎಸಿ ಮೊದಲು, ಆಮೇಲೆ ಹೇಳ್ತೀನಿ." ಆ ಆಮೇಲೆ ಬರಲೇ ಇಲ್ಲ. ಮನೆಯಲ್ಲಿ ಕೇಳುವಂತಿರಲಿಲ್ಲ. ಭಾವನ ಮಾತು ಹೋಗಿದೆ, ಕಿವಿ ಹೋಗಿಲ್ಲ. ಎರಡು ಕೋಣೆಯ ಮನೆ; ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಮಂಚದವರೆಗೂ ಹೋಗುತ್ತದೆ. ಫೋನಿನಲ್ಲಾದರೂ ಅಷ್ಟೇ.

ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಹೊದಿಕೆಯೊಳಗೆ ಮಲಗುತ್ತಿದ್ದವರು. ಅಕ್ಕನ ಬಾಯಿಗೆ ಬೀಗವೆಂಬುದೇ ಇರಲಿಲ್ಲ. ಅಂಚಮ್ಮನಿಗೆ ಆ ಅಕ್ಕ ಬೇಕಾಗಿತ್ತು. ನನ್ನ ಡಿಸ್ಕ್ ಇನ್ನಿಪ್ಪತ್ತೈದು ಮೀಟರು ಹೋದರೆ ಮಾತು ಅರ್ಧಕ್ಕೆ ತುಂಡಾಗುವುದಿಲ್ಲ ಎಂದು ಅವಳು ತೀರ್ಮಾನಿಸಿದಳು.

ಹೊಸಬರೆಲ್ಲ ಮಾಡುವ ತಪ್ಪನ್ನೇ ಮೊದಲು ಮಾಡಿದಳು. ಡಿಸ್ಕಿನ ಮೇಲೆ ಅಂಕಿಗಳಿರುತ್ತವೆ, ಮೊದಲನೆಯದು ವೇಗದ್ದು. ಹುಡುಕಿ ಹುಡುಕಿ ಹದಿಮೂರರದನ್ನು ತಂದಳು. ಅದು ಕೈಬಿಟ್ಟೊಡನೆ ಮೇಲೆದ್ದು, ಒಂದು ಕ್ಷಣ ಯೋಚಿಸಿ, ಎಡಕ್ಕೆ ವಾಲಿ ಧೊಪ್ಪೆಂದು ಬಿತ್ತು.

"ಏನೇ ಅದು, ಇಸ್ತ್ರಿಪೆಟ್ಟಿಗೆ ಎಸೆದ ಹಾಗೆ!" ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಕ್ಕದ್ದೇನೋ ಸಂತೋಷವೇ. ಆದರೆ ಡಿಸ್ಕ್ ಬಿದ್ದದ್ದು ಮೂವತ್ತು ಮೀಟರಿಗೆ. ಜೊತೆಗಿನ ದಾರಿ ಇನ್ನೂ ಹತ್ತು ಮೀಟರು ಕಡಿಮೆಯಾಯಿತು.

ಉದ್ಯಾನದ ಬಳಿ ಒಂದು ಸಣ್ಣ ಅಂಗಡಿಯಿದೆ. ನಡೆಸುವವರು ನಿವೃತ್ತ ವ್ಯಾಯಾಮ ಶಿಕ್ಷಕರು. ಎಸೆಯುವ ಮೊದಲು ಚಿಟಿಕೆ ಹುಲ್ಲು ತೂರಿ ಗಾಳಿ ನೋಡುವ ಅಭ್ಯಾಸದಿಂದ ಅವರು ಗಾಳಿ ಮೇಷ್ಟ್ರು. ಅಂಚಮ್ಮ ತನ್ನ ಹದಿಮೂರನ್ನು ಅವರ ಮೇಜಿನ ಮೇಲಿಟ್ಟಳು.

"ಇದನ್ನ ಯಾಕಮ್ಮ ತಗೊಂಡೆ?"

"ದೊಡ್ಡ ಅಂಕಿ ಅಂತ."

"ನಿಮ್ಮ ಅಂಗಡೀಲಿ ದೊಡ್ಡ ನಂಬರಿನ ಕನ್ನಡಕ ಹಾಕಿದ್ರೆ ಎಲ್ಲರಿಗೂ ಚೆನ್ನಾಗಿ ಕಾಣುತ್ತಾ?"

ಅಂಚಮ್ಮ ಡಿಸ್ಕನ್ನು ತನ್ನ ಕಡೆಗೆ ಎಳೆದುಕೊಂಡಳು. ತನ್ನ ಕಸುಬಿನಲ್ಲೇ ತನಗೆ ಏಟು ಬಿದ್ದಿತ್ತು.

"ಆ ಅಂಕಿ ಅದು ನಿನಗೆ ಕೊಡೋ ವೇಗ ಅಲ್ಲ, ನಿನ್ನಿಂದ ಕೇಳೋ ವೇಗ. ತೋಳು ಅಷ್ಟು ಕೊಡಲಿಲ್ಲ ಅಂದ್ರೆ ಮುನಿಸಿಕೊಂಡು ಎಡಕ್ಕೆ ಹೋಗಿಬಿಡುತ್ತೆ. ನಿನಗೆ ಬೇಕಾಗಿರೋದು ಫೇರ್‌ವೇ ಡ್ರೈವರ್ ಅನ್ನೋ ಜಾತಿ ಡಿಸ್ಕ್. ತೀರಾ ದೂರದ್ದೂ ಅಲ್ಲ, ಹತ್ತಿರದ್ದೂ ಅಲ್ಲ. ಹೇಳಿದ ಮಾತು ಕೇಳುತ್ತೆ. ಎಷ್ಟು ದೂರ ಹೋಗ್ಬೇಕು?"

"ಅರವತ್ತೈದು ಮೀಟರು."

"ಅದೇನು ಅಷ್ಟು ಕರಾರುವಾಕ್ಕು?"

"ಅಕ್ಕನದು ಅಲ್ಲಿ ಬೀಳುತ್ತೆ."

"ಓಹೋ. ಸೋಲಿಸೋ ಯೋಚನೆ."

"ಅಲ್ಲ ಮೇಷ್ಟ್ರೇ. ಪಕ್ಕದಲ್ಲಿ ನಡೀಬೇಕು."

ಮೇಷ್ಟ್ರು ಮೂರು ಡಿಸ್ಕ್ ತೆಗೆದು ಸಾಲಾಗಿ ಇಟ್ಟರು. ಅಂಚಮ್ಮ ಬಣ್ಣ ನೋಡಲಿಲ್ಲ, ಅಂಕಿ ನೋಡಲಿಲ್ಲ. ಕಣ್ಣುಮುಚ್ಚಿ ಹೆಬ್ಬೆರಳಿನಿಂದ ಅಂಚು ಸವರಿದಳು. ಮೊದಲನೆಯದರ ಅಂಚು ಅಗಲವಾಗಿತ್ತು, ಬೆರಳುಗಳು ಒಳಗೆ ಮಡಿಚಿ ಕೂರಲಿಲ್ಲ. ಎರಡನೆಯದು ಕೂತಿತು, ಆದರೆ ಭಾರ. ಮೂರನೆಯದನ್ನು ಹಿಡಿದಾಗ ಕೈಗೆ ಏನೋ ಸಮಾಧಾನವಾಯಿತು. ವೇಗ ಏಳು, ತೂಕ ನೂರೈವತ್ತು ಗ್ರಾಂ.

"ಇದು ತೀರಾ ಹಗುರ ಅಲ್ವಾ?"

"ಹಗುರ ಇದ್ರೇನೇ ನಿನ್ನ ತೋಳಿಗೆ ತೇಲೋದು. ಸ್ವಲ್ಪ ಬಲಕ್ಕೆ ವಾಲೋ ಗುಣ ಇದಕ್ಕಿದೆ. ನಿಧಾನದ ಕೈಯಲ್ಲಿ ಆ ಗುಣ ನೆಟ್ಟಗೆ ಹಾರೋ ಗುಣ ಆಗುತ್ತೆ."

ಕೊಂಡದ್ದಾಯಿತು, ಎಸೆಯುವುದು ಬೇರೆ ಕಥೆ. ಕೆಲಸಕ್ಕೆ ಹೋಗುವ ಮುನ್ನ ದಿನವೂ ಮುಕ್ಕಾಲು ಗಂಟೆ ಮೇಷ್ಟ್ರ ಅಂಗಡಿಯ ಹಿಂದಿನ ಬಯಲಿನಲ್ಲಿ ಅಭ್ಯಾಸ. ಪಕ್ಕಕ್ಕೆ ತಿರುಗಿ ನಿಲ್ಲು, ಡಿಸ್ಕನ್ನು ಹಿಂದಕ್ಕೆ ಚಾಚು, ಸೊಂಟ ಮೊದಲು ತಿರುಗಲಿ, ತೋಳು ಬರೀ ಹಗ್ಗ, ಎದೆಯ ಮಟ್ಟದಲ್ಲೇ ಎಳೆ, ಮುಂದಿನ ಅಂಚು ಮೇಲೇಳದಿರಲಿ. ಎಲ್ಲವನ್ನೂ ಅವಳು ಕಲಿತಳು, ಒಂದನ್ನು ಬಿಟ್ಟು. ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಛಟ್ಟನೆ ಚಿಮ್ಮಬೇಕು. ಅವಳದು ಚಿಮ್ಮುತ್ತಿರಲಿಲ್ಲ. ಚಕ್ರದ ಮುಂದೆ ಕೈ ಒಂದು ಸಲ ಅದುರಿದರೆ ಗಾಜು ಚಕ್ಕೆ ಏಳುತ್ತದೆ. ಇಪ್ಪತ್ತೆರಡು ವರ್ಷ ಅದುರದಿರುವುದನ್ನೇ ಕಲಿತ ಕೈ ಅದು.

"ಗಾಜಲ್ಲಮ್ಮ ಅದು, ಒಡೆಯಲ್ಲ," ಎಂದರು ಮೇಷ್ಟ್ರು, ಎರಡು ವಾರ ನೋಡಿ ನೋಡಿ. "ಒದ್ದೆ ಕೈ ಕೊಡವಲ್ವಾ? ಹಾಗೆ."

ಆ ಸಂಜೆ ಅಂಗಡಿಯ ನಲ್ಲಿಯಲ್ಲಿ ಕೈತೊಳೆದು ಹತ್ತು ಸಲ ಕೊಡವಿದಳು. ಗೋಡೆಯೆಲ್ಲ ನೀರು. ಜೊತೆಯ ಕೆಲಸಗಾರ್ತಿ "ಯಾರ ಮೇಲೆ ಸಿಟ್ಟು ಅಂಚಮ್ಮ?" ಎಂದಳು. ಏಳನೆಯ ವಾರಕ್ಕೆ, ಗಾಳಿಯಿಲ್ಲದ ಒಂದು ಬೆಳಗ್ಗೆ, ಡಿಸ್ಕ್ ಕೈಯಿಂದ ಕಳಚಿಕೊಂಡು ನೆಟ್ಟಗೆ ಹೋಯಿತು, ಹೋಗುತ್ತಲೇ ಇತ್ತು. ಹೆಜ್ಜೆ ಹಾಕಿ ಅಳೆದಳು. ಅರವತ್ತಮೂರು ಮೀಟರು.

ಆ ಭಾನುವಾರ ಮೊದಲೆರಡು ಬುಟ್ಟಿಗೆ ಮಣಿಕಟ್ಟು ಚಿಮ್ಮದೆ ಎಸೆತ ಕೆಟ್ಟಿತು. ಮೂರನೆಯದಕ್ಕೆ ಅಕ್ಕ ಎಸೆದಳು, ಯಥಾಪ್ರಕಾರ. ಅಂಚಮ್ಮ ಎಸೆದಳು. ಹಗುರ ಡಿಸ್ಕ್ ತುಸು ಬಲಕ್ಕೆ ವಾಲಿ, ನೆಟ್ಟಗಾಗಿ, ಅಕ್ಕನದರಿಂದ ಎರಡು ಮಾರು ಈಚೆ ಹುಲ್ಲಿನ ಮೇಲೆ ಸದ್ದಿಲ್ಲದೆ ಕೂತಿತು.

"ಅಯ್ಯೋ ಇವಳ! ಯಾವಾಗ ಕಲಿತೆಯೇ?"

"ಹೀಗೇ."

ನಡೆದರು. ನಲವತ್ತು ಮೀಟರು ದಾಟಿತು. ಅಕ್ಕನ ಹೆಗಲು ತನ್ನ ಹೆಗಲಿಗೆ ತಾಗುವಷ್ಟು ಹತ್ತಿರ. ಅಕ್ಕ ಅಲ್ಲಿಯವರೆಗೆ ಗೋದಾಮಿನ ಮೇಲ್ವಿಚಾರಕನ ಬಗ್ಗೆ ಬಾಯ್ತುಂಬ ಬಯ್ಯುತ್ತಿದ್ದವಳು, ತಟ್ಟನೆ ನಿಲ್ಲಿಸಿದಳು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ.

"ಅಕ್ಕಾ, ಏನೋ ಹೇಳ್ಬೇಕು ಅಂತಿದ್ದೆಯಲ್ಲ. ಈಗ ಹೇಳು. ನಿಲ್ಲೋದಿಲ್ಲ ನಾನು, ಕೊನೇವರೆಗೂ ಬರ್ತೀನಿ."

ಅಕ್ಕ ಕೆಳಗೆ ನೋಡಿಕೊಂಡೇ ನಡೆದಳು. "ಬೇಜಾರು ಮಾಡ್ಕೋಬೇಡ ಕಣೆ. ಇಲ್ಲಿಂದಾಚೆ ಒಬ್ಬಳೇ ನಡೆದು ಅಭ್ಯಾಸ ಆಗಿಹೋಗಿದೆ. ವಾರವಿಡೀ ಯಾರಾದ್ರೂ ಕರೀತಾನೇ ಇರ್ತಾರೆ. ಈ ನಾಕು ಹೆಜ್ಜೇಲಿ ಯಾರೂ ಕರೆಯಲ್ಲ."

ಏಳು ವಾರದ ಬೆಳಗುಗಳನ್ನು ಅಂಚಮ್ಮ ನೆನೆದಳು. ಅಕ್ಕ ಒಂಟಿಯಾಗಿ ಹೋಗುತ್ತಿದ್ದಾಳೆಂದು ತಾನು ಮರುಗಿದ ಮೂವತ್ತು ಹೆಜ್ಜೆಯೇ ಅಕ್ಕ ವಾರವಿಡೀ ಕಾಯುತ್ತಿದ್ದ ಮೂವತ್ತು ಹೆಜ್ಜೆ. "ಸರಿ ಬಿಡು," ಎಂದಳು. ಮುಂದಿನ ಬುಟ್ಟಿಗೆ ಬೇಕೆಂದೇ ಮೆತ್ತಗೆ ಎಸೆದಳು, ನಲವತ್ತಕ್ಕೆ ನಿಂತಳು. ಅಕ್ಕ ಮರದ ಸಾಲು ಹಿಡಿದು ಹೋದಳು. ಒಂದು ಸಲ ತಿರುಗಿ ನೋಡಿದಳು; ಅವಳಿಗೂ ಗೊತ್ತಾಗಿತ್ತು.

ಐದನೆಯ ಬುಟ್ಟಿಗೆ ಎಸೆಯುವ ಕಟ್ಟೆಯ ಮೇಲೆ ನಿಂತಾಗ ಅಕ್ಕ ಗದರಿದಳು. "ಬೇಕು ಅಂತ ಕೆಡಿಸಬೇಡ. ನೆಟ್ಟಗೆ ಎಸಿ."

ಅಂಚಮ್ಮನಿಗೆ ಸಿಟ್ಟು ಬಂತು. ಸೊಂಟ ತಿರುಗಿತು, ಒದ್ದೆ ಕೈ ಕೊಡವಿದಂತೆ ಮಣಿಕಟ್ಟು ಚಿಮ್ಮಿತು. ಹಿಂದಿನಿಂದ ಗಾಳಿಯೂ ಬಂತು. ಡಿಸ್ಕ್ ಅಕ್ಕನದರ ಮೇಲಿಂದ ಹಾದು ಇನ್ನೂ ಮುಂದೆ, ಹದಿನೈದು ಹೆಜ್ಜೆ ಆಚೆಗೆ ಹೋಗಿ ಬಿತ್ತು.

ಈ ಸಲ ನಿಲ್ಲಬೇಕಾದವಳು ಅಕ್ಕ. ಅವಳು ತನ್ನ ಡಿಸ್ಕಿನ ಬಳಿ ನಿಂತಳು. ಅಂಚಮ್ಮ ಮರದ ಸಾಲಿಗೆ ಸರಿದು ಒಬ್ಬಳೇ ಮುಂದೆ ನಡೆದಳು.

"ಲೇ."

ಅಂಚಮ್ಮ ನಿಂತಳು.

"ತಿರುಗಬೇಡ. ಅಲ್ಲೇ ನಿಂತ್ಕೊ."

ಅವಳು ಎದುರಿನ ಸರಪಳಿಗಳನ್ನೇ ನೋಡುತ್ತ ನಿಂತಳು.

"ನಿಮ್ಮ ಭಾವ ನನ್ನನ್ನ ಕರೆದರು ಕಣೆ." ಅಕ್ಕನ ದನಿ ಸಹಜವಾಗಿತ್ತು, ಅಂಗಡಿಯಿಂದ ಏನು ತರಬೇಕೆಂದು ಹೇಳುವ ಹಾಗೆ. "ಎಂಟು ತಿಂಗಳಾಯ್ತು. ಹೆಸರು ಹಿಡಿದು ಕರೆದರು. ತೊದಲು, ಆದರೆ ನನ್ನ ಹೆಸರೇ. ನಾನು ಅಡುಗೆಮನೇಲಿದ್ದೆ. ಆಗ ತಾನೇ ಹಾಸಿಗೆ ಬದಲಾಯಿಸಿ ಬಂದಿದ್ದೆ. ಓಗೊಡಲಿಲ್ಲ."

ಗಾಳಿಗೆ ಸರಪಳಿಗಳು ಒಂದಕ್ಕೊಂದು ತಾಗಿದವು.

"ಕೇಳಿಸ್ತು. ಕೇಳಿಸದ ಹಾಗೆ ನಿಂತಿದ್ದೆ. ಒಂದು ಸಲ ಓಗೊಟ್ಟರೆ ಇನ್ನು ದಿನವಿಡೀ ಕರೀತಾರೆ ಅಂತ. ಎರಡು ಸಲ ಕರೆದರು. ಆಮೇಲೆ ಇವತ್ತಿನವರೆಗೂ ಕರೆದಿಲ್ಲ. ನಾನು ದಿನಾ ಹೋಗಿ ಬಾಯಿ ಹತ್ತಿರ ಕಿವಿ ಇಟ್ಟು ಕೂರ್ತೀನಿ. ಕರೀರಿ, ಕರೀರಿ ಅಂತೀನಿ. ನನ್ನನ್ನೇ ನೋಡ್ತಾರೆ, ಅಷ್ಟೆ."

ಅಂಚಮ್ಮನ ಬೆನ್ನೆಲ್ಲ ಕಿವಿಯಾಗಿತ್ತು. ತಿರುಗಿ ಓಡಿ ಹೋಗಿ ಅಪ್ಪಿಕೊಳ್ಳಬೇಕೆನಿಸಿತು. ತಿರುಗಲಿಲ್ಲ.

"ಬುಧವಾರ ನನಗೆ ರಜ ಇದೆ," ಎಂದಳು, ಬುಟ್ಟಿಯ ಕಡೆ ಮುಖ ಮಾಡಿಕೊಂಡೇ, ಅಕ್ಕನಿಗೆ ಕೇಳಿಸುವಷ್ಟು ಜೋರಾಗಿ. "ನಾನು ಬಂದು ಭಾವನ ಹತ್ತಿರ ಕೂತ್ಕೋತೀನಿ. ನೀನು ಕೆಲಸದಿಂದ ಬಂದು ಅಡುಗೆಮನೇಲಿರು. ಅವತ್ತು ನಿಂತಿದ್ದ ಜಾಗದಲ್ಲೇ."

"ಯಾಕೆ?"

"ಎದುರಿಗೇ ಕೂತವರನ್ನ ಯಾರು ಕರೀತಾರೆ? ಅವರಿಗೂ ಅಲ್ಲಿಂದಲೇ ನಿನ್ನ ಸದ್ದು ಕೇಳ್ಬೇಕೋ ಏನೋ."

ಹಿಂದೆ ಹುಲ್ಲಿನ ಮೇಲೆ ಬೂಟು ಸರಿದ ಸದ್ದು.

"ಆಗಲೂ ಕರೆಯದಿದ್ರೆ?"

"ಮುಂದಿನ ಬುಧವಾರಾನೂ ಬರ್ತೀನಿ," ಎಂದಳು. ಆಮೇಲೆ, "ಎಸಿ ಅಕ್ಕ. ನಿನ್ನ ಸರದಿ."